ಹೊಲ ಕಾಯುವ ಬಂದೂಕು ಆರಿಸುವುದು ಹೇಗೆ: ಹನ್ನೆರಡು ಬೋರ್, ಸೀಸದ ಗುಂಡು ಮತ್ತು ಹಳೇ ನಳಿಗೆಯ ಪರೀಕ್ಷೆ

ಹಾನಗಲ್ಲ, ಶಿಗ್ಗಾವಿ, ಕಲಘಟಗಿ ಕಡೆ ಗೋವಿನಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿ ಹೊಲಕ್ಕೆ ಇಳಿಯುತ್ತದೆ. ರಾಣೆಬೆನ್ನೂರು ಸುತ್ತ ಚಿಗರಿ ಹಿಂಡು ಎಳೇ ಪೈರು ಮೇಯುತ್ತದೆ. ಆಗ ಊರಲ್ಲಿ ಬಂದೂಕಿನ ಮಾತು ಏಳುತ್ತದೆ, ಅದರ ಹಿಂದೆಯೇ ಯಾರದೋ ಮನೆಯಲ್ಲಿರುವ ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆಯ ಮಾತೂ ಬರುತ್ತದೆ. ಕೊಳ್ಳುವವರು ಹೆಚ್ಚಾಗಿ ಕೆತ್ತನೆ, ಕಂಪನಿ ಹೆಸರು, ನಳಿಗೆಯ ಉದ್ದ ನೋಡಿ ದುಡ್ಡು ಎಣಿಸುತ್ತಾರೆ. ನೋಡಬೇಕಾದ್ದು ಬೇರೆ ಮೂರು: ಚೇಂಬರ್ (ಮದ್ದು ಗುಂಡು ತುಂಬಿದ ತೋಟಾ ಕೂರುವ, ನಳಿಗೆಯ ಬುಡದ ಗೂಡು) ಎಷ್ಟು ಉದ್ದ, ನಳಿಗೆಯ ಗೋಡೆ ಎಷ್ಟು ದಪ್ಪ, ಬಾಯಿ ಎಷ್ಟು ಬಿಗಿ. ಈ ಮೂರು ಸರಿ ಇದ್ದರೆ ಕೆತ್ತನೆ ಇಲ್ಲದ ಒಂಟಿನಳಿಗೆಯೂ ಸಾಕು. ಇವು ಸರಿ ಇಲ್ಲದಿದ್ದರೆ ಎಷ್ಟು ದೊಡ್ಡ ಹೆಸರಿನ ಬಂದೂಕಾದರೂ ಗೋಡೆಗೆ ತೂಗುಹಾಕುವುದಕ್ಕಷ್ಟೇ ಯೋಗ್ಯ.

ಕೊಳ್ಳುವ ಮೊದಲು ಕಾಗದ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ. ಚಿಗರಿ, ನವಿಲು ಮೊದಲನೇ ಅನುಸೂಚಿಯಲ್ಲಿವೆ. ಇವುಗಳ ಮೇಲೆ ಬಂದೂಕು ಎತ್ತುವ ಮಾತೇ ಬೇಡ, ಬೆಳೆ ಎಷ್ಟು ಹಾಳಾಗಿದ್ದರೂ ಅಷ್ಟೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಅದು ನಿಂತ ಬೆಳೆಗೆ ಹಾನಿ ಮಾಡುತ್ತಿದ್ದರೆ 11ನೇ ಕಲಮಿನ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅವರಿಂದ ಅಧಿಕಾರ ಪಡೆದ ಅಧಿಕಾರಿ, ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಬೆಳೆ ರಕ್ಷಣೆಯ ಬಂದೂಕು ಲೈಸೆನ್ಸ್ ಬೇರೆ, ಈ ಅನುಮತಿ ಬೇರೆ. ಲೈಸೆನ್ಸ್ ಇದೆ ಎಂದು ಹಂದಿ ಹೊಡೆದವರ ಮೇಲೂ ಕೇಸು ಆಗುತ್ತದೆ. ಹೀಗಾಗಿ ಹೊಲದ ಬಂದೂಕಿನ ನಿತ್ಯದ ಕೆಲಸ ಸದ್ದು ಮಾಡಿ ಓಡಿಸುವುದು ಎಂದೇ ಲೆಕ್ಕ ಹಾಕಿ ಆರಿಸಿ. ಬೆಳೆ ಹಾನಿಯ ಪರಿಹಾರಕ್ಕೆ ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆ ಇದೆ. ಹಾಳಾದ ಬೆಳೆಯನ್ನು ಕಿತ್ತು ತೆಗೆಯುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು 1959ರ ಆಯುಧ ಕಾಯ್ದೆ. ಅದರ 13ನೇ ಕಲಮು ರೈತನಿಗೆ ದಾರಿಯನ್ನು ನೇರವಾಗಿಯೇ ಹೇಳುತ್ತದೆ. ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಎಂದು ಲೈಸೆನ್ಸ್ ಅಧಿಕಾರಿಗೆ ಮನವರಿಕೆಯಾದರೆ, ನಳಿಗೆ 20 ಇಂಚಿಗಿಂತ ಕಡಿಮೆ ಇಲ್ಲದ ನಯನಳಿಗೆಯ (ಒಳಗೆ ರೈಫಲ್‌ನಂತೆ ಸುರುಳಿ ಗೀರಿಲ್ಲದ) ಬಂದೂಕು. ಅರ್ಜಿಯಲ್ಲಿ 'ಬಂದೂಕು ಬೇಕು' ಎಂದಷ್ಟೇ ಬರೆದರೆ ಈ ಎರಡನೇ ಬಾಗಿಲು ತೆರೆಯುವುದಿಲ್ಲ. ಎಷ್ಟು ಎಕರೆ, ಯಾವ ಬೆಳೆ, ಯಾವ ಪ್ರಾಣಿ, ಮಳೆಯಲ್ಲಿ ಮದ್ದಿನ ಬಂದೂಕು ಯಾಕೆ ನಿಲ್ಲುವುದಿಲ್ಲ ಎಂಬುದನ್ನು ಬಿಡಿಸಿ ಬರೆಯಿರಿ, ಹಿಂದೆ ಪರಿಹಾರ ಸಿಕ್ಕಿದ್ದರೆ ಅದರ ಪ್ರತಿ ಲಗತ್ತಿಸಿ.

ಅರ್ಜಿ ಎ-1 ನಮೂನೆಯಲ್ಲಿ. ಜೊತೆಗೆ ಆಯುಧ ಬಳಕೆಯ ತರಬೇತಿ ಪ್ರಮಾಣಪತ್ರ (ನಮೂನೆ ಎಸ್-1) ಮತ್ತು ಸುರಕ್ಷಿತವಾಗಿ ಇಡುವ ಮುಚ್ಚಳಿಕೆ (ಎಸ್-2) ಬೇಕು. ಹಾವೇರಿ, ಗದಗ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಕಚೇರಿ, ಹುಬ್ಬಳ್ಳಿ-ಧಾರವಾಡ ಕಮಿಷನರೇಟ್ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರ ಕಚೇರಿ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 5 ವರ್ಷ, ಒಬ್ಬರ ಹೆಸರಲ್ಲಿ ಹೆಚ್ಚೆಂದರೆ 2 ಬಂದೂಕು.

ನಮ್ಮ ಭಾಗದವರು ಬಹಳ ಸಲ ಎಡವುವ ಕಲಮು ಇನ್ನೊಂದಿದೆ. ವನ್ಯಜೀವಿ ಕಾಯ್ದೆಯ 34ನೇ ಕಲಮಿನಂತೆ ಅಭಯಾರಣ್ಯದಿಂದ 10 ಕಿ.ಮೀ. ಒಳಗೆ ಹೊಸ ಬಂದೂಕು ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಒಪ್ಪಿಗೆ ಬೇಕು, ಮೊದಲೇ ಲೈಸೆನ್ಸ್ ಇದ್ದವರು ಅವರಲ್ಲಿ ಹೆಸರು ನೋಂದಾಯಿಸಬೇಕು. ರಾಣೆಬೆನ್ನೂರಿನ ಚಿಗರಿ ಅಭಯಾರಣ್ಯ 1974ರದ್ದು, ಕಪ್ಪತಗುಡ್ಡ ಅಭಯಾರಣ್ಯವಾದದ್ದು 2019ರಲ್ಲಿ. ಅಂದರೆ ಮುಂಡರಗಿ, ಶಿರಹಟ್ಟಿ, ಗದಗ ತಾಲ್ಲೂಕುಗಳ ಅನೇಕ ಹಳ್ಳಿಗಳು ಈಚೆಗಷ್ಟೇ ಈ ಗೆರೆಯೊಳಗೆ ಬಂದಿವೆ. ನಿಮ್ಮ ಊರು ಗೆರೆಯೊಳಗಿದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿದ ಮೇಲೆಯೇ ಅರ್ಜಿ ಬರೆಯಿರಿ.

ರೈಫಲ್ ಬೇಡ, ಯಾಕೆಂದರೆ

ಎರಕದ ಸೀಸದ ಗುಂಡು ಹಾರಿಸುವ ದೊಡ್ಡ ಬೋರಿನ ರೈಫಲ್ ಆರಿಸುವ ಸಲಹೆ ಅಮೆರಿಕದಿಂದ ಬೇಕಾದಷ್ಟು ಬರುತ್ತದೆ. ಅಲ್ಲಿನ ಲೆಕ್ಕ ಅಲ್ಲಿಗೆ ಸರಿ. .45-70ಯಂಥ 1873ರ ತೋಟಾದಲ್ಲಿ ವೇಗ ಕಡಿಮೆ, ಗುಂಡು ಭಾರ, ಆದ್ದರಿಂದ ತಾಮ್ರದ ಹೊದಿಕೆ ಇಲ್ಲದ ಸೀಸವೂ ಕರಗಿ ನಳಿಗೆಗೆ ಮೆತ್ತುವುದಿಲ್ಲ. ಅವರು ಮೊದಲು ನಳಿಗೆಯೊಳಗೆ ಮೆತ್ತನೆಯ ಸೀಸದ ಗಟ್ಟಿ ತೂರಿಸಿ ಒಳಗಿನ ಸುರುಳಿ ಗೀರುಗಳ ನಿಜವಾದ ಅಳತೆ ತೆಗೆಯುತ್ತಾರೆ, ಅದಕ್ಕಿಂತ ಇಂಚಿನ ಸಾವಿರದ 1 ಅಥವಾ 2 ಪಾಲು ದಪ್ಪದ ಗುಂಡು ಎರೆಯುತ್ತಾರೆ. ಗುಂಡು ಸಣ್ಣದಾದರೆ ಅದರ ಪಕ್ಕದಿಂದ ಬಿಸಿ ಅನಿಲ ನುಗ್ಗಿ ಸೀಸವನ್ನು ಕೊರೆದು ನಳಿಗೆಗೆ ಬಳಿಯುತ್ತದೆ. ಇದೆಲ್ಲ ಸತ್ಯವೇ. ಆದರೆ ನಮ್ಮಲ್ಲಿ ಮದ್ದುಗುಂಡು ತಯಾರಿಕೆಗೆ ಆಯುಧ ಕಾಯ್ದೆಯ 5ನೇ ಕಲಮಿನಡಿ ಬೇರೆಯೇ ಲೈಸೆನ್ಸ್ ಬೇಕು, ಹೊಲದ ಲೈಸೆನ್ಸ್ ಇದ್ದವರಿಗೆ ಮನೆಯಲ್ಲಿ ಗುಂಡು ಎರೆದು ತೋಟಾ ತುಂಬುವ ಹಕ್ಕಿಲ್ಲ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವುದಂತೂ ಮನೆ ಮಂದಿಗೆಲ್ಲ ವಿಷ ಉಣಿಸಿದಂತೆ. ಸೀಸ 327 ಡಿಗ್ರಿಗೆ ಕರಗುತ್ತದೆ, ಆ ಪಾತ್ರೆಯ ಧೂಳು ಮಕ್ಕಳ ಕೈಗೆ, ಬಾಯಿಗೆ ಹೋಗುತ್ತದೆ.

ಎರಡನೇ ಕಾರಣ ನೆಲ. ರೋಣ, ನರಗುಂದ, ನವಲಗುಂದದ ಎರೆಹೊಲದಲ್ಲಿ ಗುಂಡನ್ನು ತಡೆಯಲು ಗುಡ್ಡವಿಲ್ಲ, ದಿಬ್ಬವಿಲ್ಲ. .315 ರೈಫಲ್‌ನ ಗುಂಡು ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ, ಅಲ್ಲಿ ಇನ್ನೊಬ್ಬರ ಹೊಲವೋ ರಸ್ತೆಯೋ ಇರುತ್ತದೆ. ಮೂರನೆಯದು, 13ನೇ ಕಲಮಿನ ಸರಳ ದಾರಿ ನಯನಳಿಗೆಗೆ ಮಾತ್ರ. ರೈಫಲ್‌ಗೆ ಬೇರೆ ಗಟ್ಟಿ ಕಾರಣ ತೋರಿಸಬೇಕು. .303 ಅಂತೂ ನಿಷೇಧಿತ ಬೋರು.

ಮೂರರಲ್ಲಿ ಯಾವುದು

ಮದ್ದಿನ ಬಂದೂಕು ಅಗ್ಗ, ಲೈಸೆನ್ಸ್ ಸುಲಭ, ಸದ್ದು ಮಾಡಲು ಮದ್ದು ಮತ್ತು ಬಿರಡೆ ಸಾಕು, ಗುಂಡೇ ಬೇಡ. ತೊಂದರೆ ಎಂದರೆ ಆಷಾಢದ ಜಡಿಮಳೆಯಲ್ಲಿ ಕರಿಮದ್ದು ತೇವ ಹೀರಿ ಸತ್ತೇ ಹೋಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ, ತುಂಬಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಹಳೇ ಮದ್ದಿನ ಬಂದೂಕು ಕೈಗೆ ಬಂದ ಕೂಡಲೇ ಒಂದು ಕೆಲಸ ಮಾಡಿ. ಕೇಪು ಇಲ್ಲವೆಂದು ಖಚಿತ ಮಾಡಿಕೊಂಡು, ಬಾಯಿಗೆ ಮುಖ ಒಡ್ಡದೆ, ಗಜವನ್ನು (ಮದ್ದು ಜಡಿಯುವ ಕೋಲನ್ನು) ನಳಿಗೆಯೊಳಗೆ ಮೆಲ್ಲಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಹೊರತೆಗೆದು ಅದೇ ಗುರುತನ್ನು ಬಾಯಿಗೆ ಹಿಡಿದು ನಳಿಗೆಯ ಹೊರಮೈಗೆ ಒರಗಿಸಿ. ಗಜದ ತುದಿ ಕೇಪು ಕೂರುವ ನಿಪ್ಪಲ್ಲಿನ ಹತ್ತಿರಕ್ಕೆ ಬಂದರೆ ಖಾಲಿ. ಎರಡು ಮೂರು ಬೆರಳು ಮುಂದೆಯೇ ನಿಂತರೆ ಒಳಗೆ ಏನೋ ಇದೆ. ಹಳೇ ಮದ್ದು ವರ್ಷಗಟ್ಟಲೆ ಇದ್ದೂ ಸಿಡಿಯಬಲ್ಲದು. ಅದನ್ನು ಬಿಚ್ಚುವ ಕೆಲಸ ಬಂದೂಕು ರಿಪೇರಿ ಬಲ್ಲವರದು, ನಿಮ್ಮದಲ್ಲ. ಈ ಬಂದೂಕಿಗೆ ಕರಿಮದ್ದು ಮಾತ್ರ. ತೋಟಾ ಬಿಚ್ಚಿ ಅದರೊಳಗಿನ ಹೊಗೆರಹಿತ ಮದ್ದು ಸುರಿದರೆ ಬುಡವೇ ಕಿತ್ತು ಮುಖಕ್ಕೆ ಬರುತ್ತದೆ. ಮೊಳೆ, ಬೆಣಚುಕಲ್ಲು ತುಂಬುವ ಚಾಳಿಯೂ ಬೇಡ, ಅವು ನಳಿಗೆಯನ್ನು ಗೀರುತ್ತವೆ, ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಹೇಳಲಾರರು.

ಹನ್ನೆರಡು ಬೋರಿನ ಒಂಟಿನಳಿಗೆ ನಮ್ಮ ಮೊದಲ ಆಯ್ಕೆ. ನಳಿಗೆ ಬಾಗಿಸಿ ತೆರೆದರೆ ಖಾಲಿಯೋ ತುಂಬಿದೆಯೋ ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ತೂಕ ಸುಮಾರು 3 ಕೆ.ಜಿ., ಬಿಚ್ಚಬೇಕಾದ ಭಾಗ ಕಡಿಮೆ, ಕೆಟ್ಟರೆ ಸ್ಪ್ರಿಂಗೋ ಫೈರಿಂಗ್ ಪಿನ್ನೋ ಅಷ್ಟೇ. ಜೋಡುನಳಿಗೆಗೆ ಎರಡನೇ ಸದ್ದು ಬೇಗ ಸಿಗುವ ಲಾಭವಿದೆ, ಬೆಲೆ ಮತ್ತು ಪರೀಕ್ಷೆ ಎರಡೂ ದುಪ್ಪಟ್ಟು. ಅಂದ ಹಾಗೆ 12 ಬೋರ್ ಎಂದರೆ ನಳಿಗೆಯ ಅಗಲದ ಸೀಸದ ಗೋಲಿಗಳು 12 ಸೇರಿ ಒಂದು ಪೌಂಡ್ ತೂಗುತ್ತವೆ ಎಂದು. ಅಗಲ 18.5 ಮಿ.ಮೀ.

ಹಳೇ ಬಂದೂಕು ಪರೀಕ್ಷೆ ಮಾಡುವ ಕ್ರಮ

ಸಾಮಾನು: ವರ್ನಿಯರ್ ಕ್ಯಾಲಿಪರ್, ಸಣ್ಣ ಬ್ಯಾಟರಿ, ಹತ್ತಿ ಬಟ್ಟೆ, ದಪ್ಪ ರಟ್ಟಿನ ಪಟ್ಟಿ, ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ, ಒಳಗೆ ಮದ್ದಿಲ್ಲದ ಡಮ್ಮಿ ತೋಟಾ ಎರಡು. ಬಂದೂಕನ್ನು ತೆರೆದು ಖಾಲಿ ಎಂದು ನೋಡಿ, ಪಕ್ಕದವರಿಗೂ ತೋರಿಸಿ, ಆಮೇಲೆ ಶುರು ಮಾಡಿ.

ಮೊದಲು ನಂಬರು. ಆಕ್ಷನ್ (ನಳಿಗೆಯ ಬುಡ ಬಂದು ಕೂರುವ ಕಬ್ಬಿಣದ ಭಾಗ) ಮೇಲೆ, ನಳಿಗೆಯ ಮೇಲೆ, ಮುಂದಿನ ಕಟ್ಟಿಗೆಯ ಕಬ್ಬಿಣದ ಮೇಲೆ ಇರುವ ನಂಬರು ಒಂದೇ ಆಗಿರಬೇಕು, ಮಾರುವವರ ಲೈಸೆನ್ಸಿನಲ್ಲೂ ಅದೇ ಇರಬೇಕು. ಗುರುತು ಅರೆದು ಅಳಿಸಿದ ಬಂದೂಕನ್ನು ಮುಟ್ಟಲೇಬೇಡಿ, ಅದನ್ನು ಇಟ್ಟುಕೊಳ್ಳುವುದೇ ಅಪರಾಧ.

ಮುದ್ರೆಗಳು ಆಮೇಲೆ. ನಳಿಗೆ ಬಿಚ್ಚಿ ಬುಡದ ಚಪ್ಪಟೆ ಜಾಗದಲ್ಲಿ ನೋಡಿ. ಇಂಗ್ಲೆಂಡಿನ ಬಂದೂಕಾದರೆ ನೈಟ್ರೋ ಪ್ರೂಫ್ ಎಂದೋ, ಕಿರೀಟದ ಕೆಳಗೆ ಬಿಎನ್‌ಪಿ ಎಂದೋ ಇದ್ದರೆ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ. ವಜ್ರಾಕಾರದೊಳಗೆ 12 ಮತ್ತು ಸಿ ಎಂದಷ್ಟೇ ಇದ್ದರೆ ಚೇಂಬರ್ 3 ಇಂಚಿಗಿಂತ ಕಡಿಮೆ ಎಂದು ಮಾತ್ರ ಅರ್ಥ, ಎರಡೂವರೆಯೋ ಎರಡೂಮುಕ್ಕಾಲೋ ಎಂದು ಅದು ಹೇಳುವುದಿಲ್ಲ. 'ನಾಟ್ ಫಾರ್ ಬಾಲ್' ಎಂಬ ಮುದ್ರೆ 1875ರಿಂದ 1887ರವರೆಗೆ ಬಾಯಿ ಬಿಗಿ ಮಾಡಿದ ನಳಿಗೆಗಳ ಮೇಲೆ ಬೀಳುತ್ತಿತ್ತು. ಒಂಟಿ ಗುಂಡು ಹಾಕಬೇಡ ಎಂಬ ನೇರ ಎಚ್ಚರಿಕೆ ಅದು. ನಳಿಗೆಯ ಮೈಮೇಲೆ ಸುರುಳಿ ಸುರುಳಿ, ಮರದ ನಾರಿನಂಥ ಗೆರೆ ಕಂಡರೆ ಡಮಾಸ್ಕಸ್ ನಳಿಗೆ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಹೆಣೆದು ಬೆಸೆದದ್ದು. ನೋಡಲು ಚೆಂದ. ಈಗಿನ ತೋಟಾಕ್ಕೆ ಅದನ್ನು ಕೊಳ್ಳಬೇಡಿ, ಬೆಸುಗೆಯ ಸಂದಿಯಲ್ಲಿ ಒಳಗೊಳಗೇ ತುಕ್ಕು ಹಿಡಿದಿರುತ್ತದೆ, ಹೊರಗೆ ತಿಳಿಯುವುದಿಲ್ಲ.

ಚೇಂಬರಿನ ಉದ್ದಕ್ಕೆ ಬಂದಾಗ ಅವಸರ ಬೇಡ. ಹಳೇ ಇಂಗ್ಲಿಷ್ ಬಂದೂಕುಗಳಲ್ಲಿ ಬಹಳಷ್ಟು 65 ಮಿ.ಮೀ., ಈಗಿನ ಸಾಮಾನ್ಯ ತೋಟಾ 70 ಮಿ.ಮೀ. 'ಹಾಕಿ ನೋಡಿ, ಸಲೀಸಾಗಿ ಕೂರುತ್ತದೆ' ಎಂದು ಮಾರುವವರು ತೋರಿಸುತ್ತಾರೆ. ಕೂರುವುದು ನಿಜ. ತೋಟಾದ 70 ಎಂಬ ಅಳತೆ ಹಾರಿಸಿ ಬಾಯಿ ಬಿಚ್ಚಿಕೊಂಡ ಖಾಲಿ ಕೇಸಿನದು. ಮಡಚಿದ ಬಾಯಿಯ ತುಂಬಿದ ತೋಟಾ 60 ಮಿ.ಮೀ.ಗೂ ಕಡಿಮೆ ಇರುವುದುಂಟು. ಹಾರಿಸಿದಾಗ ಆ ಮಡಿಕೆ ಮುಂದಕ್ಕೆ ಬಿಚ್ಚಿಕೊಂಡು ಚೇಂಬರ್ ಕಿರಿದಾಗುವ ಜಾಗಕ್ಕೆ ನುಗ್ಗುತ್ತದೆ, ಚರೆ (ತೋಟಾದೊಳಗಿನ ಸೀಸದ ಕಾಳು) ಹಾಯುವ ದಾರಿ ಕುಗ್ಗುತ್ತದೆ, ಒತ್ತಡ ಏರುತ್ತದೆ. ಮೊದಲ ದಿನವೇ ನಳಿಗೆ ಸೀಳದಿರಬಹುದು. ಹೊಡೆತ ಹೆಗಲಿಗೆ ಜೋರಾಗಿ ಬಡಿಯುತ್ತದೆ, ನಳಿಗೆಯನ್ನು ಮುಚ್ಚಿ ಹಿಡಿಯುವ ಬೀಗ ಸಡಿಲಾಗುತ್ತ ಹೋಗುತ್ತದೆ.

ಅಳೆಯುವುದು ಹೀಗೆ: ದಪ್ಪ ರಟ್ಟನ್ನು ಸರಿಯಾಗಿ 20 ಮಿ.ಮೀ. ಅಗಲಕ್ಕೆ ಕತ್ತರಿಸಿ, ಬುಡದಿಂದ ನೇರವಾಗಿ ಒಳಗೆ ಸರಿಸಿ. ಚೇಂಬರಿನ ಮುಂದಿನ ಅಗಲ 20ಕ್ಕಿಂತ ತುಸು ಹೆಚ್ಚು, ನಳಿಗೆ 18.5. ಹಾಗಾಗಿ ಚೇಂಬರ್ ಮುಗಿದು ಕಿರಿದಾಗುವಲ್ಲಿ ರಟ್ಟು ನಿಂತುಬಿಡುತ್ತದೆ. ಬುಡದ ಮಟ್ಟಕ್ಕೆ ಗುರುತು ಹಾಕಿ ಅಳೆಯಿರಿ. 71ರ ಆಸುಪಾಸು ಬಂದರೆ 70ರ ಚೇಂಬರ್, 66ರ ಆಸುಪಾಸು ಬಂದರೆ 65. ಅರವತ್ತೈದರದ್ದಾದರೆ ಅದಕ್ಕೆ ತಕ್ಕ ತೋಟಾ ಸಿಗುತ್ತದೆಯೇ ಎಂದು ಹುಬ್ಬಳ್ಳಿಯ ಅಂಗಡಿಯಲ್ಲಿ ವಿಚಾರಿಸಿದ ಮೇಲೆಯೇ ಮಾತು ಮುಂದುವರಿಸಿ. 'ಚೇಂಬರ್ ಕೊರೆಸಿದರಾಯಿತು' ಎನ್ನುವ ಸಲಹೆಯೂ ಬರುತ್ತದೆ. ಕೊರೆದರೆ ಒತ್ತಡ ಅತಿ ಹೆಚ್ಚಿರುವ ಜಾಗದಲ್ಲೇ ಗೋಡೆ ತೆಳ್ಳಗಾಗುತ್ತದೆ, ಹಳೇ ಪ್ರೂಫ್ ಮುದ್ರೆಗೂ ಅರ್ಥ ಉಳಿಯುವುದಿಲ್ಲ.

ನಳಿಗೆಯ ಒಳಗೆ ಬಟ್ಟೆ ಎಳೆದು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಣ್ಣೆ ಬಳಿದು ತಂದ ನಳಿಗೆ ಎಲ್ಲ ದೋಷವನ್ನೂ ಮುಚ್ಚುತ್ತದೆ. ಒಳಗಿನ ಬೆಳಕಿನ ಉಂಗುರಗಳು ದುಂಡಗೆ, ಒಂದರೊಳಗೊಂದು ಸರಿಯಾಗಿ ಕಂಡರೆ ನಳಿಗೆ ನೇರ. ಉಂಗುರ ಒಂದು ಕಡೆ ಒಳಕ್ಕೆ ಕುಸಿದಿದ್ದರೆ ಅಲ್ಲಿ ಜಜ್ಜು, ಸುತ್ತಲೂ ಕಪ್ಪು ನೆರಳಿನ ಪಟ್ಟಿ ಇದ್ದರೆ ಉಬ್ಬು. ಬಾಯಲ್ಲಿ ಮಣ್ಣು ಅಥವಾ ಬಟ್ಟೆ ಉಳಿದಿದ್ದಾಗ ಹಾರಿಸಿದ್ದರೆ ಈ ಉಬ್ಬು ಬರುತ್ತದೆ. ಹೊರಗೆ ಎರಡು ಬೆರಳಲ್ಲಿ ಸವರಿದರೂ ಸಿಗುತ್ತದೆ. ಜಜ್ಜನ್ನು ಬಲ್ಲವರು ತೆಗೆಯಬಲ್ಲರು, ಉಬ್ಬಿದ ನಳಿಗೆಯನ್ನು ಬಿಟ್ಟುಬಿಡಿ. ಚುಕ್ಕಿ ಚುಕ್ಕಿ ತುಕ್ಕಿನ ಗುಳಿ ಬಾಯಿಯ ಹತ್ತಿರ ಕೆಲವು ಇದ್ದರೆ ನಡೆದೀತು, ಚೇಂಬರಿನ ಮುಂದೆ ಇದ್ದರೆ ಬೇಡ. ಗೋಡೆಯ ದಪ್ಪ ಅಳೆಯಲು ವಿಶೇಷ ಗೇಜ್ ಬೇಕು, ಅದು ಬಂದೂಕು ರಿಪೇರಿಯವರಲ್ಲಿ ಇರುತ್ತದೆ. ಎಲ್ಲೇ ಆದರೂ ಅರ್ಧ ಮಿ.ಮೀ.ಗಿಂತ ತೆಳ್ಳಗಿದ್ದರೆ ಕೊಳ್ಳುವ ಮಾತಿಲ್ಲ.

ಜೋಡುನಳಿಗೆಯನ್ನು ಬಿಚ್ಚಿ, ಬುಡದ ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ, ಉಗುರಿನಿಂದ ಬಡಿಯಿರಿ. ದೇವಸ್ಥಾನದ ಗಂಟೆಯಂತೆ ನಾದ ಎಳೆದರೆ ನಡುವಿನ ಪಟ್ಟಿಯ ಬೆಸುಗೆ ಭದ್ರ. ಠಪ್ ಎಂದು ಸತ್ತರೆ ಎಲ್ಲೋ ಬಿಟ್ಟಿದೆ, ಆ ಸಂದಿಯಲ್ಲಿ ನೀರು ಕೂತಿರುತ್ತದೆ.

ಬೀಗದ ಪರೀಕ್ಷೆಗೆ ಮುಂದಿನ ಕಟ್ಟಿಗೆ ತೆಗೆದು, ನಳಿಗೆ ಮುಚ್ಚಿ, ಹಿಂದಿನ ಕಟ್ಟಿಗೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಅಲುಗಾಡಿಸಿ. ಕಟಕಟ ಎಂದರೆ ಸವೆದಿದೆ. ನಳಿಗೆಯ ಬುಡಕ್ಕೂ ಆಕ್ಷನ್ ಮುಖಕ್ಕೂ ನಡುವೆ ಬೆಳಕು ಕಾಣಬಾರದು, ನೋಟುಬುಕ್ಕಿನ ಹಾಳೆಯ ಚೂರು ಇಟ್ಟು ಮುಚ್ಚಿದರೆ ಎಳೆದರೂ ಬರಬಾರದು. ಡಮ್ಮಿ ಹಾಕಿ ಟ್ರಿಗರ್‌ಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆಯಿರಿ, ಒಂದೂವರೆಯಿಂದ 2 ಕೆ.ಜಿ.ಯೊಳಗೆ ಬಿಡಬೇಕು. ಒಂದು ಕೆ.ಜಿ.ಗೇ ಬಿಟ್ಟರೆ ಅಪಾಯ. ಸೇಫ್ಟಿ ಹಾಕಿ ಟ್ರಿಗರ್ ಜೋರಾಗಿ ಒತ್ತಿ, ಬೆರಳು ತೆಗೆದು, ಸೇಫ್ಟಿ ಬಿಡಿಸಿ. ಆಗ ಹ್ಯಾಮರ್ ತಾನಾಗಿಯೇ ಬಿದ್ದರೆ ಒಳಗಿನ ಕಚ್ಚು ಸವೆದಿದೆ. ಹೊರಗೆ ಹ್ಯಾಮರ್ ಇರುವ ಬಂದೂಕಾದರೆ ಅರ್ಧಕ್ಕೆ ನಿಲ್ಲಿಸಿ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ, ಜಾರಬಾರದು. ಕಡೆಗೆ ಕಟ್ಟಿಗೆ: ಕೈಹಿಡಿಯುವ ಸಣ್ಣ ಭಾಗದಲ್ಲಿ ಕೂದಲೆಳೆಯ ಬಿರುಕಿದ್ದರೂ ಮಡಚಿದಂತೆ ತಿರುಚಿದರೆ ಬಾಯಿ ಬಿಡುತ್ತದೆ.

ಯಾವ ತೋಟಾ

ವರ್ನಿಯರಿನಿಂದ ಬಾಯಿಯ ಒಳ ಅಗಲ ಅಳೆಯಿರಿ. 18.5 ಹತ್ತಿರ ಇದ್ದರೆ ಬಾಯಿ ನೇರ, 18ರ ಆಸುಪಾಸು ಅರ್ಧ ಚೋಕ್ (ಬಾಯಿಯ ಬಿಗಿ), 17.5ರ ಆಸುಪಾಸು ಪೂರ್ತಿ ಚೋಕ್. ಹೊಲಕ್ಕೆ ನೇರ ಬಾಯಿ ಅಥವಾ ಕಾಲು ಚೋಕ್ ಒಳ್ಳೆಯದು. ನಳಿಗೆಯ ಅಗಲಕ್ಕೆ ಸರಿಯಾಗಿ ಎರೆದ ದುಂಡು ಗುಂಡು ಪೂರ್ತಿ ಚೋಕಿನಲ್ಲಿ ಸಿಕ್ಕಿದರೆ ಬಾಯಿ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಕಾರ್ಖಾನೆಯಲ್ಲಿ ಮಾಡಿದ ಒಂಟಿ ಗುಂಡುಗಳಾದ ಸ್ಲಗ್‌ಗಳು ಮೆತ್ತನೆಯ ಸೀಸದವು, ಒಳಗೆ ಟೊಳ್ಳೋ ಮೈಮೇಲೆ ಗೀರುಗಳೋ ಇದ್ದು ಹಿಸುಕಿಕೊಂಡು ಹೊರಬರುತ್ತವೆ. ಆದರೂ ಹಳೇ ಬಿಗಿ ನಳಿಗೆಗೆ ಅವನ್ನೂ ಹಾಕದಿರುವುದು ಲೇಸು.

ಚರೆಯಲ್ಲಿ ಎಲ್‌ಜಿ ಅತಿ ದಪ್ಪ, ಔನ್ಸಿಗೆ 6 ಕಾಳು, ಒಂದೊಂದು 9 ಮಿ.ಮೀ. ಎಸ್‌ಜಿ ಔನ್ಸಿಗೆ 8. ಬಿಬಿ 4 ಮಿ.ಮೀ., ಔನ್ಸಿಗೆ 70. ಚರೆ ಎಷ್ಟು ದೂರ ಹೋದೀತು ಎಂಬುದಕ್ಕೆ ಒಂದು ಹಳೇ ಲೆಕ್ಕವಿದೆ: ಕಾಳಿನ ಅಗಲವನ್ನು ಇಂಚಿನಲ್ಲಿ ಹಿಡಿದು 2,200ರಿಂದ ಗುಣಿಸಿದರೆ ಗಜಗಳಲ್ಲಿ ಗರಿಷ್ಠ ದೂರ. ಬಿಬಿಗೆ ಸುಮಾರು 320 ಮೀಟರ್, ಎಲ್‌ಜಿಗೆ 700 ಮೀಟರಿಗೂ ಹೆಚ್ಚು. ಎಲ್‌ಜಿ ಹಾಕಿ ಕತ್ತಲಿಗೆ ಹಾರಿಸುವವರು ಈ 700 ಮೀಟರಿನೊಳಗೆ ಯಾರ ಗುಡಿಸಲಿದೆ, ಯಾರು ಕಬ್ಬಿಗೆ ನೀರು ಹಾಯಿಸುತ್ತಿದ್ದಾರೆ ಎಂದು ಮೊದಲು ನೆನೆಯಬೇಕು. ಸದ್ದಿಗಾದರೆ ಸಣ್ಣ ಚರೆ ಸಾಕು, ಅದನ್ನೂ ನಿಮ್ಮ ಹೊಲದೊಳಗಿನ ಮಣ್ಣಿನ ಬದುವಿನತ್ತ ಹಾರಿಸಿ. ಮದುವೆ, ಜಾತ್ರೆಯಲ್ಲಿ ಸಂಭ್ರಮಕ್ಕೆಂದು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇಟ್ಟುಕೊಳ್ಳುವುದು

ಸೀಸದ ಚರೆ ಹಾರಿಸಿದ ನಳಿಗೆಯಲ್ಲಿ, ಚೇಂಬರಿನ ಮುಂದೆ ಮತ್ತು ಬಾಯಿಯ ಬಿಗಿಯಲ್ಲಿ, ಬೂದು ಬಣ್ಣದ ಗೆರೆ ಮೆತ್ತುತ್ತದೆ. ಎಣ್ಣೆ ಬಿಟ್ಟು ಅರ್ಧ ತಾಸು ನೆನೆಸಿ, ಕಂಚಿನ ಬ್ರಷ್ ಬುಡದಿಂದ ಬಾಯಿಗೆ ಎಳೆಯಿರಿ. ಪಾತ್ರೆ ತಿಕ್ಕುವ ಸ್ಟೀಲ್ ನಾರು ಬೇಡ. ಆ ಬಟ್ಟೆಯಲ್ಲಿ ಸೀಸವಿರುತ್ತದೆ, ಕೈ ತೊಳೆದೇ ಉಣ್ಣಲು ಕೂರಿ. ಕರಿಮದ್ದಿನ ಬಂದೂಕಿಗೆ ಅದೇ ದಿನ ಬಿಸಿನೀರು ಮತ್ತು ಸೋಪು, ಪೂರ್ತಿ ಒಣಗಿಸಿ ಎಣ್ಣೆ. ಒಂದು ರಾತ್ರಿ ಬಿಟ್ಟರೂ ಆ ಮಸಿ ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಚರ್ಮದ ಚೀಲದಲ್ಲಿ ಕಟ್ಟಿಡುವುದೂ ತಪ್ಪು, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಆಯುಧಪೂಜೆಗೆ ಏರಿಸಿದ ಕುಂಕುಮ, ಹೂವಿನ ನೀರನ್ನು ಅದೇ ಸಂಜೆ ಒರೆಸಿ ಎಣ್ಣೆ ಸವರಿ. ವಿಜಯದಶಮಿಯ ನಂತರ ನಳಿಗೆಯ ಮೇಲೆ ಹೂವಿನ ಆಕಾರದ್ದೇ ತುಕ್ಕಿನ ಕಲೆ ಬಿದ್ದ ಬಂದೂಕುಗಳು ಈ ಭಾಗದಲ್ಲಿ ಕಡಿಮೆಯೇನಲ್ಲ. ತೋಟಾ ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ, ತಗಡಿನ ಚಾವಣಿಯ ಕೆಳಗಲ್ಲದೆ ತಂಪಾದ ಕೋಣೆಯಲ್ಲಿ ಇರಲಿ. ಉಬ್ಬಿದ ಹಳೇ ಕಾಗದದ ತೋಟಾ ತುರುಕಬೇಡಿ, ಅಂಗಡಿಗೆ ಮರಳಿಸಿ.

ಕೈ ಬದಲಾಗುವಾಗಿನ ಕಾಗದ ಮರೆಯಬೇಡಿ. ಲೈಸೆನ್ಸ್ ಇರುವವರು ಇನ್ನೊಬ್ಬರಿಗೆ ಮಾರಬೇಕಾದರೆ ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಅಜ್ಜ ತೀರಿಕೊಂಡ ಮೇಲೆ ಬಂದೂಕು ಮೊಮ್ಮಗನ ಅಟ್ಟದಲ್ಲಿ ಉಳಿಯುವಂತಿಲ್ಲ. ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆದು, ವಾರಸುದಾರರ ಹೆಸರಲ್ಲಿ ಹೊಸ ಅರ್ಜಿ ಹಾಕಬೇಕು. ಅದು ಮಂಜೂರಾಗುವವರೆಗೆ ವರ್ಷಕ್ಕೊಮ್ಮೆಯಾದರೂ ಹೋಗಿ, ಅವರ ಎದುರೇ ನಳಿಗೆಗೆ ಎಣ್ಣೆ ಹಾಕಿಸಿ ಬನ್ನಿ.